ಗುತ್ಯಪ್ಪನ ರಹದಾರಿ

ಗುತ್ಯಪ್ಪನನ್ನು ಜಪಾನಿಗೆ ಕಳಿಸುತ್ತಾರಂತೆ ಎಂಬ ಸುದ್ದಿ ಕೆರೆಕೊಪ್ಪಕ್ಕೆ ಬಂದಾಗ ಅವನ ಹೆಂಡತಿ ಲೋಕಮ್ಮ ತೀರಿಕೊಂಡು ಬಹಳ ದಿನವೇನೂ ಆಗಿರಲಿಲ್ಲ. ಸುದ್ದಿ ತಂದವನು ಗ್ರಾಮಸೇವಕ ಉಚ್ಚಂಗಪ್ಪ. ಶಿಕಾರಿಪುರದ ತರುಣ, ಆನವಟ್ಟಿಯಲ್ಲಿ ರೂಮು ಹಿಡಿದು ಸುತ್ತಮುತ್ತಲ ಹಳ್ಳಿಗಳನ್ನು ಸೈಕಲ್ಲಿನಲ್ಲಿ ತಿರುಗುತ್ತಿದ್ದ. ಆ ದಿನ ಸೈಕಲ್ಲನ್ನು ಬೇಲಿಗೆ ಒರಗಿಸುವಷ್ಟೂ ತಾಳ್ಮೆಯಿಲ್ಲದೆ ಅಂಗಳದಲ್ಲೇ ಮಲಗಿಸಿ ಜಗಲಿಗೆ ಹತ್ತಿದ. ಸರ್ಕಾರದವರು ರಾಜ್ಯದಿಂದ ಕೆಲವು ರೈತರನ್ನು ಆರಿಸಿದ್ದಾರೆ, ಜಪಾನಿನಲ್ಲಿ ಭತ್ತ ಹೇಗೆ ಬೆಳೆಯುತ್ತಾರೆ ಅಂತ ನೋಡಿ ಕಲಿತು ಬರುವುದಕ್ಕೆ, ಜಿಲ್ಲೆಯಿಂದ ಗುತ್ಯಪ್ಪನ ಹೆಸರು ಹೋಗಿದೆ ಎಂದು ಒಂದೇ ಉಸಿರಿನಲ್ಲಿ ಹೇಳಿದ.

ಗುತ್ಯಪ್ಪ ಕತ್ತದ ಹಗ್ಗ ಹೊಸೆಯುತ್ತಿದ್ದ. ಕೈ ನಿಲ್ಲಿಸಲಿಲ್ಲ. ಹೌದಾ ಎಂದ.

ಅವನ ಅಣ್ಣ ಮಾರಪ್ಪ ಒಳಗಿನಿಂದ ಓಡಿಬಂದ. ತಾಯಿ ಗುಡ್ಡಮ್ಮ ಬಾಗಿಲಲ್ಲಿ ನಿಂತು, ಜಪಾನು ಅಂದರೆ ಕಾಶಿಯಿಂದ ಆಚೆಗೋ ಈಚೆಗೋ ಎಂದು ಕೇಳಿದಳು. ಸಮುದ್ರದಾಚೆ ಎಂದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಂಜೆಯೊಳಗೆ ಇಡೀ ಊರು ಜಗಲಿಯ ಮುಂದೆ ಸೇರಿತ್ತು. ಎಲ್ಲರ ನಡುವೆ ಕೂತ ಗುತ್ಯಪ್ಪ, ಬೇರೆ ಯಾರದೋ ಮದುವೆಗೆ ಬಂದವನ ಹಾಗೆ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದ.

ಉಚ್ಚಂಗಪ್ಪ ಮೊದಲ ಸಲ ಈ ಊರಿಗೆ ಬಂದು ಜಪಾನಿ ಪದ್ಧತಿ ಬೇಸಾಯ ಮಾಡಿ ಎಂದಾಗ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಹಗ್ಗ ಹಿಡಿದು ಸಾಲಿನಲ್ಲಿ ಸಸಿ ನೆಡುವುದಂತೆ, ಹೂವಿನ ಮಾಲೆ ಕಟ್ಟಿದ ಹಾಗೆ ಎಂದು ನಕ್ಕಿದ್ದರು. ಗುತ್ಯಪ್ಪನೂ ನಕ್ಕವನೇ. ಒಪ್ಪಿದವಳು ಲೋಕಮ್ಮ. ಒಂದು ಗದ್ದೆ ತಾನೆ, ಹೋದರೆ ಹೋಯಿತು, ಹೊಟ್ಟೆಗೇನೂ ಕಮ್ಮಿಯಾಗುವುದಿಲ್ಲ ಎಂದು ಅವಳೇ ಮುಂದೆ ನಿಂತು ನೆಡಿಸಿದಳು. ಎರಡನೆಯ ವರ್ಷದ ಬೆಳೆ ಪೈಪೋಟಿಯಲ್ಲಿ ಆ ಗದ್ದೆ ಜಿಲ್ಲೆಗೇ ಮೊದಲಾಯಿತು.

ಅಧಿಕಾರಿಗಳು ಬಂದು ಪೈರು ಕೊಯ್ಯಿಸಿ ತೂಕ ಮಾಡಿಸಿದ ದಿನ ಲೋಕಮ್ಮ ಜ್ವರದಲ್ಲಿ ಮಲಗಿದ್ದಳು. ತೂಕ ಮುಗಿದು, ಬಂದವರ ಊಟವಾಗಿ, ಜೀಪು ಹೊರಟಾಗ ಹೊತ್ತು ಮುಳುಗಿತ್ತು. ಬೆಳಗಾದ ಮೇಲೆ ಗಾಡಿ ಕಟ್ಟಿದರಾಯಿತು ಎಂದು ಅವಳೇ ಹೇಳಿದಳು. ಬೆಳಿಗ್ಗೆ ಗಾಡಿ ಕಟ್ಟಿದ. ಆನವಟ್ಟಿಯ ಡಾಕ್ಟರ ಮನೆ ಇನ್ನೂ ಅರ್ಧ ದಾರಿಯಿದ್ದಾಗ ಹಿಂದೆ ಕೂತಿದ್ದ ಗುಡ್ಡಮ್ಮ, ಗಾಡಿ ತಿರುಗಿಸು ಮಗ ಎಂದಳು. ಗುತ್ಯಪ್ಪ ತಿರುಗಿಸಿದ. ಎತ್ತುಗಳು ಮನೆಯ ಕಡೆಗಾದ್ದರಿಂದ ಜೋರಾಗಿ ನಡೆದವು. ಅಂದಿನಿಂದ ಅವನ ಒಳಗೆಲ್ಲ ಜೋಮು ಹಿಡಿದಂತಾಗಿತ್ತು. ಉಣ್ಣುತ್ತಿದ್ದ, ದುಡಿಯುತ್ತಿದ್ದ, ಏಳು ವರ್ಷದ ಮಗಳು ವೀರಮ್ಮನನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದ. ಅಳು ಬಂದಿರಲಿಲ್ಲ. ಬರಲಿ ಎಂದು ಕಾಯುವುದನ್ನೂ ಅವನು ಬಿಟ್ಟಿದ್ದ.

ಪರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟು ಬೇಕು ಎಂದು ಉಚ್ಚಂಗಪ್ಪ ವಿವರಿಸಿದ. ಅದೇನು ಎಂದು ಯಾರಿಗೂ ತಿಳಿಯಲಿಲ್ಲ. ಊರಿನ ಪಟೇಲರು ಗುಡ್ಡಪ್ಪನವರು ಮಾತ್ರ, ಹಿಂದೆ ಗಡಿ ದಾಟುವಾಗ ರಹದಾರಿ ಕೊಡುತ್ತಿದ್ದರಲ್ಲ, ಅದೇ ಇದು ಎಂದರು. ಆಮೇಲೆ ಊರವರೆಲ್ಲ ರಹದಾರಿ ಎಂದೇ ಕರೆದರು. ಅರ್ಜಿ ಸೊರಬದ ತಾಲ್ಲೂಕು ಕಚೇರಿಯಿಂದ ಶಿವಮೊಗ್ಗಕ್ಕೆ, ಅಲ್ಲಿಂದ ರಹದಾರಿ ಕೊಡುವ ಕಚೇರಿಯಿದ್ದ ಮದರಾಸಿಗೆ ಹೋಗಬೇಕಿತ್ತು. ಅದಕ್ಕೂ ಮೊದಲು ಫೋಟೋ.

ಫೋಟೋಕ್ಕೆ ಉಚ್ಚಂಗಪ್ಪ ಅವನನ್ನು ಶಿಕಾರಿಪುರಕ್ಕೆ ಕರೆದುಕೊಂಡು ಹೋದ. ಸ್ಟುಡಿಯೋ ಇಟ್ಟವನು ಉಚ್ಚಂಗಪ್ಪನ ಶಾಲೆಯ ಗೆಳೆಯ. ಆನವಟ್ಟಿಯಲ್ಲಿ ಬಸ್ಸು ಹತ್ತಿ, ಶಿರಾಳಕೊಪ್ಪದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯುವವರೆಗೂ ಉಚ್ಚಂಗಪ್ಪ ಮಾತಾಡುತ್ತಲೇ ಇದ್ದ. ಜಪಾನಿನಲ್ಲಿ ಎತ್ತು ಕಮ್ಮಿಯಂತೆ, ಅಂಗೈಯಗಲದ ಗದ್ದೆಯಲ್ಲೂ ಕಣಜ ತುಂಬುವಷ್ಟು ಬೆಳೆಯುತ್ತಾರಂತೆ, ಕೂತು ಉಣ್ಣುವುದು ನಮ್ಮ ಹಾಗೆಯೇ ನೆಲದ ಮೇಲಂತೆ. ಗುತ್ಯಪ್ಪ ಕಿಟಕಿಯಾಚೆ ಕೊಯ್ದ ಗದ್ದೆಗಳ ಕೂಳೆ ನೋಡುತ್ತ ಹ್ಞೂಂಗುಟ್ಟುತ್ತಿದ್ದ.

ಸ್ಟುಡಿಯೋದವನು ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಯಾರದೋ ಕೋಟು ತೊಡಿಸಿ, ತಾನು ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿದ. ಇಂಥ ಫೋಟೋದಲ್ಲಿ ನಗಬಾರದು, ಹೆದರಬಾರದು, ಮುಖ ಸುಮ್ಮನಿರಬೇಕು ಎಂದು ಎಚ್ಚರಿಸಿದ್ದ. ಹೊರಬಂದು ಉಚ್ಚಂಗಪ್ಪನ ಹತ್ತಿರ, ಹಳ್ಳಿಯಿಂದ ಬಂದವರು ಒಂದೋ ಸೆಟೆದುಕೊಳ್ಳುತ್ತಾರೆ, ಇಲ್ಲವೋ ಕಣ್ಣು ಮುಚ್ಚುತ್ತಾರೆ, ಇವರು ಹೇಳಿದ ಹಾಗೆ ಕೂತರು ಎಂದು ಹೊಗಳಿದ. ಫೋಟೋ ನೋಡಿದಾಗ ಗುತ್ಯಪ್ಪನಿಗೆ ಅದು ತನ್ನ ಅಪ್ಪನ ಮುಖದಂತೆ ಕಂಡಿತು. ಅಪ್ಪ ಸತ್ತು ಎಷ್ಟೋ ವರ್ಷವಾಗಿತ್ತು.

ಮುಂದಿನ ವಾರ ಸೊರಬ. ತಾಲ್ಲೂಕು ಕಚೇರಿಯ ಗುಮಾಸ್ತರು ಬೋಳುತಲೆಯ ವಯಸ್ಸಾದವರು. ಇಂಥ ಅರ್ಜಿಯನ್ನು ಅವರೂ ಮೊದಲ ಸಲ ಕಾಣುತ್ತಿದ್ದರು. ಇಂಗ್ಲಿಷಿನಲ್ಲಿದ್ದ ಪ್ರಶ್ನೆಯನ್ನು ತಾವು ಓದಿಕೊಂಡು, ಕನ್ನಡದಲ್ಲಿ ಕೇಳಿ, ಉತ್ತರ ಬರೆಯುತ್ತ ಹೋದರು. ಅಷ್ಟರಲ್ಲಿ ಸ್ಟಾಂಪು ಬೇಕಾಗಿ ಉಚ್ಚಂಗಪ್ಪ ಅಂಚೆ ಕಚೇರಿಗೆ ಹೋದ. ಹುಟ್ಟಿದ ದಿನ ಯಾವುದು ಎಂದಾಗ, ದೊಡ್ಡ ಜ್ವರ ಬಂದು ಊರಿಗೆ ಊರೇ ಮಲಗಿತ್ತಲ್ಲ, ಅದರ ಮಾರನೆ ವರ್ಷ ಎಂದ ಗುತ್ಯಪ್ಪ. ಗುಮಾಸ್ತರು ಲೆಕ್ಕ ಹಾಕಿ ತಮಗೆ ಸರಿಕಂಡ ತಾರೀಖು ಬರೆದರು. ಮೈಮೇಲಿನ ಗುರುತು ಕೇಳಿದರು. ಎಡಗೈಯ ಕುಡುಗೋಲಿನ ಗಾಯ ತೋರಿಸಿದ. ಕಣ್ಣಿನ ಬಣ್ಣವನ್ನು ಅವರೇ ಕನ್ನಡಕ ಏರಿಸಿ ಬಗ್ಗಿ ನೋಡಿ ಬರೆದುಕೊಂಡರು.

“ಹೆಂಡತಿ ಹೆಸರು?”

“ಲೋಕಮ್ಮ.”

ಅವರು ಬರೆದರು. ಅವಳೂ ಜೊತೆಗೆ ಬರುತ್ತಾಳೆಯೇ ಎಂದು ಕೇಳಿದರು. ಇಲ್ಲ ಎಂದ. ಆಯಿತು ಎಂದು ಹಾಳೆ ತಿರುವಿದರು. ಉಚ್ಚಂಗಪ್ಪ ಸ್ಟಾಂಪು ತಂದಾಗ ಗುತ್ಯಪ್ಪ ಕಲಿತಿದ್ದ ನಾಲ್ಕು ಅಕ್ಷರದಲ್ಲಿ ರುಜು ಹಾಕುತ್ತಿದ್ದ. ಬಸ್ಸಿನಲ್ಲಿ ಬರುವಾಗ ಹೆಂಡತಿಯ ಹೆಸರು ಬರೆಸಿದ ವಿಷಯ ಉಚ್ಚಂಗಪ್ಪನಿಗೆ ಹೇಳಬೇಕೆಂದು ಅವನಿಗೆ ತೋಚಲಿಲ್ಲ. ಮುಚ್ಚಿಟ್ಟೆ ಎಂದೂ ಅನ್ನಿಸಲಿಲ್ಲ.

ಬೇಸಿಗೆ ಬಲಿತ ಮೇಲೆ ಆನವಟ್ಟಿ ಠಾಣೆಯಿಂದ ದಫೇದಾರ್ ಹುಲಿಯಪ್ಪನವರು ವಿಚಾರಣೆಗೆ ಬಂದರು. ಪೊಲೀಸು ಬಂತೆಂದು ಊರು ಮೊದಲು ಹೆದರಿತು. ರಹದಾರಿಗೆ ಅಂತ ತಿಳಿದ ಮೇಲೆ ಪಟೇಲರ ಮನೆಯಿಂದ ಕುರ್ಚಿ ಬಂತು, ಮಜ್ಜಿಗೆ ಬಂತು. ದಫೇದಾರರು ನಿಧಾನದ ಮನುಷ್ಯ. ಕಾಗದ ತೊಡೆಯ ಮೇಲಿಟ್ಟುಕೊಂಡು, ಈ ಗುತ್ಯಪ್ಪ ಈ ಊರಿನವನೇ ಹೌದೋ, ಜಗಳ ಕದನದಲ್ಲಿ ಸಿಕ್ಕಿದ್ದಾನೋ ಎಂದೆಲ್ಲ ನೆರೆಯವರನ್ನು ಕೇಳಿದರು. ಆಮೇಲೆ ಹೆಂಡತಿ ಲೋಕಮ್ಮನನ್ನು ಒಂದು ಸಲ ಕರೆಯಿರಿ, ಅವಳಿಗೆ ಒಪ್ಪಿಗೆಯೋ ಏನೋ ಕೇಳಿಬಿಡುತ್ತೇನೆ ಎಂದರು.

ಮಾರಪ್ಪ ಮುಂದೆ ಬಂದು, ಅವಳು ಸುಗ್ಗಿಯಲ್ಲೇ ತೀರಿಕೊಂಡಳಲ್ಲ ಸ್ವಾಮಿ ಎಂದ.

ದಫೇದಾರರು ಕಾಗದ ನೋಡಿದರು, ಗುತ್ಯಪ್ಪನನ್ನು ನೋಡಿದರು. “ಇದರಲ್ಲಿ ಹೆಂಡತಿ ಇದಾಳೆ ಅಂತ ಐತಲ್ಲಪ್ಪ. ಎಂತಕ್ಕೆ ಹಂಗೆ ಬರೆಸಿದೆ?”

“ಅವರು ಹೆಸರು ಕೇಳಿದ್ರು,” ಎಂದ ಗುತ್ಯಪ್ಪ. “ಹೇಳಿದೆ.”

ಗುಡ್ಡಮ್ಮ ಒಳಗೆ ಹೋದಳು. ದಫೇದಾರರು ಮಜ್ಜಿಗೆಯ ಲೋಟವನ್ನು ಕೆಳಗಿಟ್ಟರು. ನನ್ನ ಕೈಯಿಂದ ಇದು ಹೀಗೇ ಹೋದರೆ ಸುಳ್ಳು ಬರೆಸಿದ ಅಂತ ಆಗುತ್ತದೆ, ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ ಎಂದರು. ವರದಿಯನ್ನು ಒಂದು ವಾರ ತಡೆದಿಡುತ್ತೇನೆ, ಅಷ್ಟರಲ್ಲಿ ಸತ್ತ ದಾಖಲೆ ತೆಗೆದುಕೊಂಡು ಸೊರಬಕ್ಕೆ ಹೋಗಿ ತಿದ್ದಿಸಿಕೊಂಡು ಬಾ ಎಂದು ಎದ್ದರು. ಹೋಗುವಾಗ ಅವನ ಹೆಗಲ ಮೇಲೆ ಕೈಯಿಟ್ಟರು. ಆ ಕೈ ಭಾರವಾಗಿತ್ತು ಎಂಬುದಷ್ಟೇ ಗುತ್ಯಪ್ಪನಿಗೆ ಗೊತ್ತಾಯಿತು.

ದಾಖಲೆ ಇರಲೇ ಇಲ್ಲ. ಊರಿನ ಹುಟ್ಟು ಸಾವು ಬರೆದಿಡಬೇಕಾದವರು ಪಟೇಲರು. ಆದರೆ ಮನೆಯವರು ಬಂದು ಹೇಳಬೇಕು. ಗುಡ್ಡಪ್ಪನವರು ಮಣ್ಣಿಗೆ ಬಂದಿದ್ದವರೇ, ಗುಂಡಿಗೆ ಹಿಡಿ ಮಣ್ಣು ಹಾಕಿದವರೇ. ಆದರೂ ರಿಜಿಸ್ಟರು ಬಿಚ್ಚಿ, ನೀನೇ ಹೇಳಬೇಕು ಕಣಪ್ಪ, ನಾನಾಗಿ ಬರೆಯುವ ಹಾಗಿಲ್ಲ ಎಂದರು. ಗುತ್ಯಪ್ಪ ಕಂಬದ ಪಕ್ಕ ನಿಂತು ಹೇಳಿದ. ಹೆಸರು ಹೇಳಿದ. ವಯಸ್ಸು ಅಂದಾಜಿನಲ್ಲಿ ಹೇಳಿದ. ಏನಾಗಿತ್ತು ಎಂದಾಗ ಜ್ವರ ಎಂದ. ಎಲ್ಲಿ ತೀರಿಕೊಂಡಳು ಎಂದು ಪಟೇಲರು ಕೇಳಿದರು. ಗಾಡಿಯಲ್ಲಿ ಎಂದ. ಪಟೇಲರು ಲೇಖಣಿ ಹಿಡಿದುಕೊಂಡು ಯೋಚಿಸಿ, ಗಾಡಿ ಅಂತ ಬರೆಯಲು ಬರುವುದಿಲ್ಲ, ಊರಿನ ಹೆಸರೇ ಹಾಕುತ್ತೇನೆ ಎಂದರು. ಹಾಗೇ ಮಾಡಿ ಎಂದ ಗುತ್ಯಪ್ಪ.

ಅವಳು ಸತ್ತಳು ಎಂದು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಏನಾದರೂ ಆಗಬಹುದು ಎಂದು ಅವನಿಗೆ ಒಳಗೊಳಗೆ ಅನ್ನಿಸಿತ್ತು. ಏನೂ ಆಗಲಿಲ್ಲ. ಪಟೇಲರು ಬರೆದುಕೊಟ್ಟ ನಕಲಿನ ಮಸಿ ಆರುವವರೆಗೆ ಕೂತಿದ್ದು, ಮಡಿಸಿ ಜೇಬಿಗಿಟ್ಟುಕೊಂಡು, ದಾರಿಯಲ್ಲಿ ಕೆರೆಯ ಹತ್ತಿರ ಮೇಯುತ್ತಿದ್ದ ತನ್ನ ಎತ್ತುಗಳನ್ನು ಹೊಡೆದುಕೊಂಡು ಮನೆಗೆ ಬಂದ.

ಮನೆಯಲ್ಲಿ ಅಷ್ಟರಲ್ಲಿ ಬೇರೆಯೇ ಮಾತು ನಡೆದಿತ್ತು. ಲೋಕಮ್ಮನ ತಂಗಿ ಸುಂಕಲಮ್ಮ ಅಕ್ಕನ ಮಣ್ಣಿಗೆ ಬಂದವಳು ಮಗುವನ್ನು ನೋಡಿಕೊಳ್ಳಲೆಂದು ಅಲ್ಲೇ ಉಳಿದಿದ್ದಳು. ಇನ್ನೂ ಇಪ್ಪತ್ತು ತುಂಬದ ಹುಡುಗಿ. ಹೇಗೂ ಸೊರಬಕ್ಕೆ ಹೋಗಿ ತಿದ್ದಿಸಬೇಕಲ್ಲ, ಹೆಂಡತಿ ಅನ್ನುವಲ್ಲಿ ಬರಿದು ಬಿಡುವುದಕ್ಕಿಂತ ಸುಂಕಲಮ್ಮನ ಹೆಸರು ಬರೆಸಿದರಾಯಿತು ಎಂದು ಮಾರಪ್ಪ ಉಪಾಯ ಹೇಳಿದ್ದ. ಗುಡ್ಡಮ್ಮ ಅದನ್ನೇ ಹಿಡಿದುಕೊಂಡಳು. ಮನೆಮಟ್ಟಿಗೆ ತಾಳಿ ಕಟ್ಟಿಸಿಬಿಡೋಣ, ಕೂಸಿಗೆ ತಾಯಿಯಾಗುತ್ತಾಳೆ, ನೀನು ಸಮುದ್ರ ದಾಟಿ ಹೋದರೂ ಮನೆಯಲ್ಲಿ ನಿನ್ನದು ಅಂತ ಒಂದು ಜೀವ ಇರುತ್ತದೆ ಎಂದು ಊಟಕ್ಕೆ ಬಡಿಸುತ್ತ ಹೇಳಿದಳು. ಹುಡುಗಿಯ ಅಪ್ಪನೂ ಒಪ್ಪಿದ್ದಾನೆ ಎಂದು ಸೇರಿಸಿದಳು.

ಗುತ್ಯಪ್ಪ ಅನ್ನ ಕಲಸುತ್ತಿದ್ದ. ನೋಡುವಾ ಎಂದ. ಬೇಕು ಅನ್ನುವುದಕ್ಕೂ ಬೇಡ ಅನ್ನುವುದಕ್ಕೂ ಅವನಲ್ಲಿ ಏನೂ ಇರಲಿಲ್ಲ. ನೋಡುವಾ ಎಂದದ್ದನ್ನು ಗುಡ್ಡಮ್ಮ ಒಪ್ಪಿಗೆ ಎಂದೇ ತಿಳಿದು ಮಾರನೆಯ ದಿನ ಪೆಟ್ಟಿಗೆಯಿಂದ ಲೋಕಮ್ಮನ ಹಸಿರು ಸೀರೆ ತೆಗೆದು ಸುಂಕಲಮ್ಮನಿಗೆ ಉಡಿಸಿದಳು.

ಅಂದು ಮಧ್ಯಾಹ್ನ ಗದ್ದೆಯಿಂದ ಬಂದವನು ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತವಳನ್ನು ಕಂಡ. ಸೀರೆ ಅದೇ. ಬಾಗಿದ ಕತ್ತು ಸ್ವಲ್ಪ ಅದೇ. ಬೆಚ್ಚಬೇಕಾಗಿತ್ತು, ಬೆಚ್ಚಲಿಲ್ಲ. ಇದು ಸುಂಕಲಮ್ಮ, ಅದು ಲೋಕಮ್ಮನ ಸೀರೆ ಎಂದು ಎರಡನ್ನೂ ಬೇರೆ ಬೇರೆಯಾಗಿ, ಸ್ಪಷ್ಟವಾಗಿ ನೋಡಿದ. ಹೀಗೆಯೇ ನೋಡುತ್ತ ಇವಳ ಕೊರಳಿಗೆ ತಾಳಿ ಕಟ್ಟಿಬಿಡುತ್ತೇನೆ, ಆಗಲೂ ಏನೂ ಅನ್ನಿಸುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಆ ಹುಡುಗಿಯ ಮೇಲೆ ಕರುಣೆ ಬಂತೆಂದೂ ಅಲ್ಲ. ಇದು ಸರಿಯಲ್ಲ ಎಂಬುದು ಮಾತ್ರ, ಬದು ಒಡೆದಿದ್ದು ಕಂಡ ಹಾಗೆ, ಕಂಡಿತು.

ಹಿತ್ತಿಲಲ್ಲಿ ಕೈಕಾಲು ತೊಳೆಯಲು ಅವಳು ನೀರು ತಂದಾಗ ಕೇಳಿದ. “ಸುಂಕಲಮ್ಮ, ಅವ್ವ ಹೇಳ್ತಿರೋದು ನಿಂಗೆ ಒಪ್ಪಿಗೆಯಾ?”

ಅವಳು ಚೊಂಬನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತಳು. “ನನ್ನ ಯಾರು ಕೇಳ್ತಾರೆ ಭಾವ.”

“ನಾ ಕೇಳ್ತಾ ಇದೀನಲ್ಲ.”

“ನಂಗೆ ಬ್ಯಾಡ,” ಎಂದಳು. ಆಮೇಲೆ ಅವನಿಗೆ ನೋವಾಯಿತೇನೋ ಎಂದು ಮುಖ ನೋಡಿ, “ನೀವು ಅಂತ ಅಲ್ಲ. ಅಕ್ಕನ ಸೀರೆ ಉಡಿಸ್ತಾರೆ, ಅಕ್ಕ ಕೂತಲ್ಲಿ ಕೂರಿಸ್ತಾರೆ. ನಂಗೆ ಮೈಯೆಲ್ಲ ಚಳಿ ಬಂದಂಗೆ ಆಗ್ತದೆ. ವೀರಮ್ಮನ್ನ ಎಷ್ಟು ದಿನ ಬೇಕಾದ್ರೂ ನೋಡ್ಕೊಳ್ತೀನಿ,” ಎಂದಳು.

ಅವನು ನೀರು ಹಾಕಿಸಿಕೊಂಡು ಒಳಗೆ ಹೋದ. ಈ ಮದುವೆ ಬೇಡ ಎಂದು ಅಂದೇ ತಾಯಿಗೂ ಅಣ್ಣನಿಗೂ ಹೇಳಿದ. ಜಗಳವೇನೂ ಆಗಲಿಲ್ಲ, ಏಕೆಂದರೆ ಅವನು ದನಿ ಏರಿಸಲೇ ಇಲ್ಲ. ಗುಡ್ಡಮ್ಮ ಅತ್ತಳು. ಗಂಡಸು ಒಂಟಿಯಾಗಿ ಎಷ್ಟು ದಿನ ಇರುತ್ತಾನೆ ಎಂದು ಮಾರಪ್ಪ ಕೇಳಿದ. ಗೊತ್ತಿಲ್ಲ ಎಂದ ಗುತ್ಯಪ್ಪ. ಮತ್ತೆ ಮತ್ತೆ ಕೇಳಿದರೂ ಅದೇ ಉತ್ತರ ಬಂದದ್ದರಿಂದ ಮಾತು ತಾನಾಗಿ ನಿಂತಿತು. ಸುಂಕಲಮ್ಮ ತನ್ನ ಹಳೆಯ ಸೀರೆಯನ್ನೇ ಉಟ್ಟುಕೊಂಡು ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಳು.

ಸೊರಬಕ್ಕೆ ಈ ಸಲ ಒಬ್ಬನೇ ಹೋದ. ಗುಮಾಸ್ತರು ಪಟೇಲರ ನಕಲನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಮೊದಲೇ ಹೇಳಬಾರದಿತ್ತೇ, ನಾನಾದರೂ ಹಾಗೆ ಕೇಳುತ್ತಿರಲಿಲ್ಲ ಎಂದು ಮೆಲ್ಲಗೆ ಅಂದರು. ಅರ್ಜಿಯಲ್ಲಿ ಲೋಕಮ್ಮ ಎಂದಿದ್ದ ಕಡೆ ಕೆಂಪು ಮಸಿಯಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ಇನ್ನೊಂದು ಮಾತು ಬರೆದು, ಅಲ್ಲಿ ರುಜು ಹಾಕು ಎಂದರು.

“ಇಲ್ಲಿ ಏನು ಬರೆದ್ರಿ ಸ್ವಾಮಿ?”

“ವಿಧುರ ಅಂತ. ಹೆಂಡತಿ ತೀರಿಕೊಂಡವನಿಗೆ ಹಂಗಂತಾರೆ.”

ಗಂಡ ಸತ್ತವಳಿಗೆ ಊರಿನಲ್ಲಿ ಎಷ್ಟೋ ಹೆಸರಿದ್ದವು, ಒಂದಕ್ಕಿಂತ ಒಂದು ಕೆಟ್ಟವು. ಗಂಡಸಿಗೂ ಒಂದು ಇದೆ ಎಂಬುದು ಗುತ್ಯಪ್ಪನಿಗೆ ಅವತ್ತೇ ತಿಳಿದದ್ದು. ಬಸ್ಸಿಗೆ ಕಾಯುತ್ತ ಕೂತಾಗ ಒಂದೆರಡು ಸಲ ಹೇಳಿಕೊಂಡು ನೋಡಿದ. ಯಾರೋ ದೂರದ ನೆಂಟನ ಹೆಸರಿನಂತೆ ಕೇಳಿಸಿತು.

ದಫೇದಾರರು ಮಾತಿಗೆ ತಪ್ಪದೆ ವರದಿ ಕಳಿಸಿದರು. ಆಮೇಲೆ ಕಾಯುವುದು. ಉಚ್ಚಂಗಪ್ಪ ವಾರಕ್ಕೊಮ್ಮೆ ಬಂದು, ಕಾಗದ ಶಿವಮೊಗ್ಗ ಬಿಟ್ಟಿತಂತೆ, ಮದರಾಸು ಮುಟ್ಟಿತಂತೆ ಎಂದು ಹೇಳಿ ಹೋಗುತ್ತಿದ್ದ. ಮೊದಲ ಮಳೆ ಬಿದ್ದು ನೆಲ ಹದವಾಗುವ ಹೊತ್ತಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪಾಸ್‌ಪೋರ್ಟು ಬಂತು. ಊರೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡಿದರು. ಪಟೇಲರು ಕೈ ತೊಳೆದುಕೊಂಡು ಬಂದು ಮುಟ್ಟಿದರು. ವೀರಮ್ಮ ಫೋಟೋ ನೋಡಿ, ಇದು ಯಾರು ಎಂದಳು. ಎಲ್ಲರೂ ನಕ್ಕರು. ಹೊರಡುವ ದಿನವೂ ಗೊತ್ತಾಯಿತು. ಬೆಂಗಳೂರಿಗೆ ಹೋಗಿ ಉಳಿದವರನ್ನು ಕೂಡಿಕೊಂಡು ಅಲ್ಲಿಂದ ಮುಂದಕ್ಕೆ. ಗುಡ್ಡಮ್ಮ ಅವಲಕ್ಕಿ ಕುಟ್ಟಿಸಿದಳು, ಮಾರಪ್ಪ ಟ್ರಂಕಿಗೆ ಬಣ್ಣ ಬಳಿಸಿದ. ಸಸಿ ಮಡಿಯ ಕೆಲಸವನ್ನು ಗುತ್ಯಪ್ಪ ಅಣ್ಣನಿಗೆ ವಿವರವಾಗಿ ಹೇಳಿಕೊಟ್ಟ. ಇನ್ನೇನು ಹೇಳಬೇಕೆಂದು ತಿಳಿಯದೆ ಮತ್ತೊಮ್ಮೆ ಅದನ್ನೇ ಹೇಳಿದ.

ಹೊರಡಲು ಕೆಲವೇ ದಿನ ಉಳಿದಿರುವಾಗ ಉಚ್ಚಂಗಪ್ಪ ಬಂದ. ಸೈಕಲ್ಲನ್ನು ಹತ್ತದೆ ತಳ್ಳಿಕೊಂಡೇ ಬಂದ. ಗುತ್ಯಪ್ಪ ಸಸಿ ಮಡಿಯಲ್ಲಿ ಮೊಣಕಾಲವರೆಗೆ ಕೆಸರಿನಲ್ಲಿ ನಿಂತಿದ್ದ. ತರುಣ ಬದುವಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಹುಲ್ಲು ಕೀಳತೊಡಗಿದ.

“ಹೇಳ್ರಿ,” ಎಂದ ಗುತ್ಯಪ್ಪ.

“ಈ ಸಲ ಯಾರನ್ನೂ ಕಳ್ಸೋದಿಲ್ಲಂತ್ರಿ. ಪರದೇಶದ ರೊಕ್ಕ ಸರ್ಕಾರದ ಹತ್ರ ಇಲ್ಲಂತೆ. ಬೆಂಗಳೂರಿಂದ ತಂತಿ ಬಂದೈತ್ರಿ.” ನಾನೇ ನಿಮ್ಮನ್ನು ಊರೂರು ಅಲೆಸಿದೆ, ಆ ಕಾಗದ ಈ ಕಾಗದ ಅಂತ, ಆಗಬಾರದ್ದನ್ನೆಲ್ಲ ನಿಮ್ಮ ಬಾಯಿಂದ ಹೇಳಿಸಿದೆ ಎಂದು ತಲೆ ತಗ್ಗಿಸಿದ.

ಗುತ್ಯಪ್ಪ ಕೆಸರಿನಿಂದ ಮೇಲೆ ಬಂದು ಅವನ ಪಕ್ಕ ಕೂತ. ಹೋಗಲಿ ಬಿಡಿ, ನಿಮ್ಮ ತಪ್ಪೇನು ಎಂದ. ಅದನ್ನು ಬಾಯಿ ತಾನಾಗಿಯೇ ಹೇಳಿತ್ತು, ಇಷ್ಟು ದಿನ ಎಲ್ಲಕ್ಕೂ ಹೇಳುತ್ತಿದ್ದ ಹಾಗೆ. ಆದರೆ ಹೇಳಿದ ಮೇಲೆ ಎದೆಯ ಕೆಳಗೆ ಎಲ್ಲೋ ಏನೋ ಚುಚ್ಚಿದ ಹಾಗಾಯಿತು. ಸಣ್ಣದು. ಅದೇನೆಂದು ಮೊದಲು ಅವನಿಗೆ ತಿಳಿಯಲಿಲ್ಲ. ಸಮುದ್ರ ಕಾಣುವುದಿಲ್ಲ. ಆ ಅಂಗೈಯಗಲದ ಗದ್ದೆಗಳನ್ನು ಕಾಣುವುದಿಲ್ಲ. ಇದು ಬೇಸರ, ತನಗೆ ಬೇಸರವಾಗಿದೆ ಎಂದು ನಿಧಾನವಾಗಿ ಅರ್ಥವಾಯಿತು. ಹೋಗಬೇಕೆಂದು ತಾನು ಆಸೆಪಟ್ಟಿದ್ದೇ ಅವನಿಗೆ ಗೊತ್ತಿರಲಿಲ್ಲ.

ಮಡಿಯಲ್ಲಿ ಕದಡಿದ್ದ ನೀರು, ಕೆಸರು ಕೆಳಗಿಳಿದು, ತಿಳಿಯಾಗುತ್ತಿತ್ತು.

“ಮುಂದಿನ ವರ್ಷ ಕಳಿಸ್ತಾರಾ?” ಎಂದು ಗುತ್ಯಪ್ಪ ಕೇಳಿದ.

ಉಚ್ಚಂಗಪ್ಪ ತಲೆಯೆತ್ತಿ ನೋಡಿದ. ಇಷ್ಟು ತಿಂಗಳಲ್ಲಿ ಜಪಾನಿನ ಬಗ್ಗೆ ಗುತ್ಯಪ್ಪ ತಾನಾಗಿ ಕೇಳಿದ ಪ್ರಶ್ನೆ ಅದೊಂದೇ. ಹೇಳಲು ಬರುವುದಿಲ್ಲ, ಕಳಿಸಿದರೂ ಕಳಿಸಬಹುದು ಎಂದ. ಗುತ್ಯಪ್ಪ ಹೌದಾ ಎಂದ. ಆಮೇಲೆ, ಅಲ್ಲಿ ಸಸಿ ಎಷ್ಟು ಎಲೆ ಬಂದಾಗ ಕೀಳುತ್ತಾರಂತೆ, ನೀರು ಎಷ್ಟು ನಿಲ್ಲಿಸುತ್ತಾರಂತೆ, ನೆಡುವವರು ಗಂಡಸರೋ ಹೆಂಗಸರೋ ಎಂದು ಒಂದೊಂದಾಗಿ ಕೇಳತೊಡಗಿದ. ಉಚ್ಚಂಗಪ್ಪ ತನಗೆ ಗೊತ್ತಿದ್ದಷ್ಟು ಹೇಳಿದ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದ.